ಸವೆದ ಜಾಗ ಮೊದಲು ನೋಡಿ: ನೇಯ್ಗೆ ಮತ್ತು ದುಡಿಮೆಯ ಸಣ್ಣ ಸಂಗ್ರಹಾಲಯಕ್ಕೆ ಹೋಗುವವರಿಗೆ

ಒಂದು ಮಗ್ಗ, ಎರಡು ರಾಟೆ, ಗೋಡೆಯ ಮೇಲೆ ನಾಲ್ಕು ಫೋಟೋ, ಗಾಜಿನ ಪೆಟ್ಟಿಗೆಯಲ್ಲಿ ಲೆಕ್ಕದ ಪುಸ್ತಕ, ಮೂಲೆಯಲ್ಲೊಂದು ಗೊರಬು (ಮಳೆಗೆ ಹಾಕಿಕೊಳ್ಳುವ ಬಿದಿರಿನ ಹೊದಿಕೆ). ಸಹಕಾರ ಸಂಘದ ಹಿಂದಿನ ಕೋಣೆಯಲ್ಲೋ ಶಾಲೆಯ ಜಗಲಿಯಲ್ಲೋ ಹಳೇ ಮನೆಯ ಅಟ್ಟದಲ್ಲೋ ಇರುವ ಸಣ್ಣ ಸಂಗ್ರಹಾಲಯವೆಂದರೆ ಸಾಮಾನ್ಯವಾಗಿ ಇಷ್ಟೇ. ದೊಡ್ಡ ಮ್ಯೂಸಿಯಂ ನೋಡಿದ ಅಭ್ಯಾಸದಲ್ಲಿ ಇಲ್ಲಿ ಕಾಲಿಟ್ಟರೆ ಹತ್ತು ನಿಮಿಷಕ್ಕೆ ಹೊರಗೆ ಬಂದು "ಮುಗೀತಾ?" ಅಂತ ಕೇಳಿಕೊಳ್ಳುತ್ತೀರಿ. ಅದೇ ಕೋಣೆಯಲ್ಲಿ ಎರಡು ಗಂಟೆ ನಿಲ್ಲುವುದು ಹೇಗೆ ಅನ್ನುವುದಕ್ಕೆ ಈ ಕೈಪಿಡಿ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಸೀಮೆಯವರನ್ನು ಮನಸ್ಸಲ್ಲಿಟ್ಟುಕೊಂಡು ಬರೆದದ್ದು.

ಹೊರಡುವ ಮೊದಲು

ಸಣ್ಣ ಜಾಗಗಳಿಗೆ ಬಾಗಿಲು ತೆಗೆಯುವ ವೇಳೆ ಅಂತ ಬೋರ್ಡಿನಲ್ಲಿ ಬರೆದಿದ್ದರೂ ಅದನ್ನೇ ನಂಬಬೇಡಿ. ಬೀಗದ ಕೈ ಒಬ್ಬರ ಹತ್ತಿರ ಇರುತ್ತದೆ. ಅವರು ತೋಟಕ್ಕೆ ಹೋಗಿದ್ದರೆ, ಊರಲ್ಲಿ ಮದುವೆ ಇದ್ದರೆ ಬಾಗಿಲು ಮುಚ್ಚಿರುತ್ತದೆ. ಎರಡು ದಿನ ಮೊದಲೇ ಫೋನ್ ಮಾಡಿ ನಾಲ್ಕು ವಿಷಯ ಕೇಳಿ: ಆ ದಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಮಗ್ಗಕ್ಕೆ ಹಾಸು, ಅಂದರೆ ಉದ್ದದ ನೂಲು, ಏರಿಸಿದೆಯೋ ಇಲ್ಲವೋ, ನೇಯುವವರು ಅಂದು ಬರುತ್ತಾರೋ, ಒಂದು ಸಲಕ್ಕೆ ಕೋಣೆಯಲ್ಲಿ ಎಷ್ಟು ಜನ ನಿಲ್ಲಬಹುದು. ಹನ್ನೆರಡು ಜನರಿಗಿಂತ ಹೆಚ್ಚಿದ್ದರೆ ಎರಡು ಗುಂಪು ಮಾಡಿಕೊಳ್ಳಿ. ಒಂದು ಗುಂಪು ಮಗ್ಗದ ಹತ್ತಿರ ಇದ್ದಾಗ ಇನ್ನೊಂದು ಗುಂಪು ಫೋಟೋ, ಪುಸ್ತಕದ ಕಡೆ ಇರಲಿ. ಮಗ್ಗದ ಸುತ್ತ ಇಪ್ಪತ್ತು ಜನ ನಿಂತರೆ ಮುಂದಿನ ಐವರಿಗೆ ಮಾತ್ರ ಏನಾದರೂ ಕಾಣುತ್ತದೆ.

ಸಾಧ್ಯವಾದರೆ ಸಂಗ್ರಹಾಲಯಕ್ಕೆ ಮೊದಲು ದುಡಿಯುವ ಮಗ್ಗವೊಂದನ್ನು ನೋಡಿ ಬನ್ನಿ. ನಿಂತ ಮಗ್ಗ ಅರ್ಥವಾಗಬೇಕಾದರೆ ಓಡುವ ಮಗ್ಗದ ಸದ್ದು ಕಿವಿಯಲ್ಲಿರಬೇಕು. ನಮ್ಮ ಕಡೆ ಇದಕ್ಕೆ ತಕ್ಕ ಜಾಗ ಹೆಗ್ಗೋಡಿನ ಪಕ್ಕದ ಭೀಮನಕೋಣೆ. ರಂಗಕರ್ಮಿ ಪ್ರಸನ್ನ ಅವರ ಪ್ರಯತ್ನದಿಂದ 1990ರ ದಶಕದಲ್ಲಿ ಶುರುವಾದ ಚರಕ ಮಹಿಳಾ ಸಹಕಾರ ಸಂಘ ಇರುವುದು ಅಲ್ಲಿ. ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆಗೆ ಹೆಸರಾದ ಸಂಘ. ಅದು ಕೆಲಸದ ಜಾಗ, ಪ್ರದರ್ಶನಕ್ಕೆ ಇಟ್ಟದ್ದಲ್ಲ. ಹಾಗಾಗಿ ಕೇಳದೆ ನುಗ್ಗುವಂತಿಲ್ಲ. ಶಿವಮೊಗ್ಗದಿಂದ ತಾಳಗುಪ್ಪ ರೈಲು ಹಿಡಿದರೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಬೇಕು, ಬಸ್ಸಾದರೆ ಸಾಗರದ ನಿಲ್ದಾಣದಲ್ಲಿ. ಅಲ್ಲಿಂದ ಹೆಗ್ಗೋಡು ಹತ್ತು ಕಿಲೋಮೀಟರಿನ ಒಳಗೆ. ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಅಂತ ಹೋಗುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ಸಂಜೆ ಕೇಳಿದರೆ ಉತ್ತರ ಸಿಗುತ್ತದೆ, ಬಸ್ಸು ಸಿಗದೆ ಹೋಗಬಹುದು.

ಮಳೆಗಾಲದ ಮಾತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವುದನ್ನು ಆದಷ್ಟು ತಪ್ಪಿಸಿ. ದಾರಿ ಕಷ್ಟ ಅನ್ನುವುದು ಸಣ್ಣ ಕಾರಣ, ಬಟ್ಟೆಗೆ ಕಷ್ಟ ಅನ್ನುವುದು ದೊಡ್ಡದು. ಗಾಳಿಯ ತೇವ ನೂರಕ್ಕೆ 65–70 ದಾಟಿದರೆ ಹತ್ತಿ, ಕಾಗದ, ಚರ್ಮ ಎಲ್ಲಕ್ಕೂ ಬೂಷ್ಟು ಹಿಡಿಯತೊಡಗುತ್ತದೆ. ನಮ್ಮ ಆಷಾಢದಲ್ಲಿ ಅದಕ್ಕಿಂತ ಕಡಿಮೆ ಇರುವ ದಿನವೇ ಅಪರೂಪ. ಹತ್ತು ಜನ ಒದ್ದೆ ಕೊಡೆ, ಒದ್ದೆ ಜರ್ಕಿನ್ ಹಾಕಿಕೊಂಡು ಮುಚ್ಚಿದ ಕೋಣೆಯೊಳಗೆ ಅರ್ಧ ಗಂಟೆ ನಿಂತರೆ ಅಷ್ಟು ತೇವವನ್ನು ಹಳೆಯ ಬಟ್ಟೆ ಕುಡಿಯುತ್ತದೆ. ಹೋಗಲೇಬೇಕಾದರೆ ಕೊಡೆ, ಜರ್ಕಿನ್, ಚಪ್ಪಲಿ ಎಲ್ಲ ಜಗಲಿಯಲ್ಲೇ ಬಿಡಿ, ಕೈ ತಲೆ ಒರೆಸಿಕೊಂಡು ಒಳಗೆ ಹೋಗಿ. ಬಾಯಲ್ಲಿ ಕವಳ ಇದ್ದರೆ ಅದೂ ಅಂಗಳದಲ್ಲೇ ಮುಗಿಯಲಿ. ಎಲೆಯಡಿಕೆಯ ಒಂದು ಹನಿ ಹಳೇ ಬಟ್ಟೆಯ ಮೇಲೆ ಬಿದ್ದರೆ ಹೋಗುವುದಿಲ್ಲ. ಅಡಿಕೆಯ ಚೊಗರು ಬಟ್ಟೆಗೆ ಬಣ್ಣ ಕಟ್ಟುವ ಸರಕೇ ಅಲ್ಲವೇ!

ಮಗ್ಗ ಓಡುವುದನ್ನು ನೋಡಬೇಕೆಂದಿದ್ದರೂ ಬೇಸಿಗೆಯೇ ಒಳ್ಳೆಯದು. ಹಾಸಿನ ನೂಲಿಗೆ ಗಂಜಿ ಹಾಕಿ ಒಣಗಿಸುವುದಕ್ಕೆ ಬಿಸಿಲು ಬೇಕು. ಜಡಿಮಳೆಯಲ್ಲಿ ಗಂಜಿ ಹುಳಿಯುತ್ತದೆ, ನೂಲು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಹಾಗಂತ ತೀರಾ ಒಣಹವೆಯೂ ನೇಯುವವರಿಗೆ ಆಗುವುದಿಲ್ಲ. ಹತ್ತಿಯ ನೂಲಿಗೆ ತುಸು ತೇವವಿದ್ದಾಗ ಬಲ ಹೆಚ್ಚು, ಪೂರ್ತಿ ಒಣಗಿದರೆ ಪಟಪಟ ಹರಿಯುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಬೆಳಗಿನ ಹೊತ್ತು ಎರಡಕ್ಕೂ ಸರಿ. ಅಡಿಕೆ ಸುಲಿತ ಜೋರಾಗಿರುವ ವಾರಗಳಲ್ಲಿ ಮಾತ್ರ ಮಾತಾಡಿಸಲು ಯಾರೂ ಸಿಗುವುದಿಲ್ಲ. ಅದನ್ನೂ ಫೋನಿನಲ್ಲೇ ಕೇಳಿ.

ಕೈಚೀಲದಲ್ಲಿ

ಪೆನ್ಸಿಲ್, ನೋಟ್‌ಬುಕ್, ದರ್ಜಿಯ ಟೇಪು, ಸಣ್ಣ ಟಾರ್ಚು, ಒಂದು ಭೂತಗನ್ನಡಿ, ಒಂದು ಪೋಸ್ಟ್ ಕಾರ್ಡು. ಪೆನ್ನು ಬೇಡ, ಶಾಯಿ ಸೋರಿದರೆ ಕೆಲಸ ಕೆಟ್ಟಂತೆ. ಪೋಸ್ಟ್ ಕಾರ್ಡಿನ ನಡುವೆ ಸರಿಯಾಗಿ ಒಂದು ಇಂಚು ಉದ್ದ, ಒಂದು ಇಂಚು ಅಗಲದ ಚೌಕ ಕತ್ತರಿಸಿಟ್ಟುಕೊಳ್ಳಿ. ಜವಳಿಯವರು ನೂಲೆಣಿಸಲು ಬಳಸುವ ಮಡಚುವ ಭೂತಗನ್ನಡಿಯ ಬಡವರ ರೂಪ ಇದು. ಕೆಲಸ ಅಷ್ಟೇ ಚೆನ್ನಾಗಿ ಮಾಡುತ್ತದೆ.

ಕ್ಯಾಮೆರಾದ ಫ್ಲ್ಯಾಶ್ ಆರಿಸಿ. ಹಳೆಯ ಬಟ್ಟೆಯ ಮೇಲೆ ಬೀಳುವ ಬೆಳಕು 50 ಲಕ್ಸ್ ಮೀರಬಾರದು ಎನ್ನುವುದು ಸಂಗ್ರಹಾಲಯಗಳು ಪಾಲಿಸುವ ಲೆಕ್ಕ. ಕೋಣೆ ಮಬ್ಬಾಗಿದೆ ಅಂತ ಕಿಟಕಿ ತೆರೆಯಲು ಹೇಳಬೇಡಿ. ಒಳಗೆ ಹೋಗಿ ಐದು ನಿಮಿಷ ಸುಮ್ಮನೆ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಟಾರ್ಚು ಬೇಕಾಗುವುದು ಮರದ ಮೇಲಿನ ಸವೆತ ನೋಡಲು. ನೇರ ಬಿಡದೆ ಪಕ್ಕದಿಂದ, ಮರಕ್ಕೆ ಸವರಿದ ಹಾಗೆ ಬೆಳಕು ಬಿಟ್ಟರೆ ಕಾಣದ ತಗ್ಗೆಲ್ಲ ನೆರಳಾಗಿ ಎದ್ದು ಕಾಣುತ್ತದೆ.

ಮಗ್ಗದ ಮುಂದೆ ಅರ್ಧ ಗಂಟೆ

ಎಲ್ಲರೂ ಮಗ್ಗದ ಮುಂಭಾಗಕ್ಕೆ ಹೋಗಿ ನಿಲ್ಲುತ್ತಾರೆ. ನೀವು ಹಿಂದಕ್ಕೆ ಹೋಗಿ. ಹಾಸು ಹೊರಡುವುದು ಅಲ್ಲಿಂದ. ಉದ್ದಕ್ಕೆ ಬಿಗಿದ ಎಳೆಗಳು ಹಾಸು, ಅಡ್ಡಕ್ಕೆ ಹೋಗುವುದು ಹೊಕ್ಕು. ದಿನಕ್ಕೆ ಹತ್ತು ಸಲ "ಹಾಸುಹೊಕ್ಕಾಗಿದೆ" ಅನ್ನುವವರಲ್ಲಿ ಎಷ್ಟೋ ಜನ ಇವೆರಡನ್ನು ಕಣ್ಣಾರೆ ಕಂಡಿರುವುದಿಲ್ಲ. ಹಿಂದಿನ ದಿಂಡಿನಿಂದ ಬಿಚ್ಚಿಕೊಂಡ ಹಾಸು ಮೊದಲು ದಾರದ ಕುಣಿಕೆಗಳ ಚೌಕಟ್ಟು ದಾಟುತ್ತದೆ. ಒಂದೊಂದು ಎಳೆಗೂ ಒಂದೊಂದು ಕುಣಿಕೆ. ಕಾಲಿನ ಹಲಗೆ ಒತ್ತಿದರೆ ಅರ್ಧ ಎಳೆಗಳು ಮೇಲೆ, ಅರ್ಧ ಕೆಳಗೆ ಹೋಗಿ ನಡುವೆ ಬಾಯಿ ತೆರೆಯುತ್ತದೆ. ಆ ಬಾಯಿಯೊಳಗೆ ಲಾಳಿ ಓಡಬೇಕು. ಲಾಳಿಯ ಹೊಟ್ಟೆಯಲ್ಲಿ ಕಂಡಿಕೆ ಎಂಬ ಸಣ್ಣ ಕೊಳವೆ, ಕಂಡಿಕೆಗೆ ಸುತ್ತಿದ ಹೊಕ್ಕಿನ ನೂಲು. ಮುಂದೆ ಬಾಚಣಿಗೆಯ ಹಲ್ಲಿನಂಥ ಹಣಿಗೆ, ಓಡಿದ ಎಳೆಯನ್ನು ತಟ್ಟಿ ಕೂರಿಸಲು. ಕೊನೆಗೆ ನೆಯ್ದ ಬಟ್ಟೆ ಸುತ್ತಿಕೊಳ್ಳುವ ಮುಂದಿನ ದಿಂಡು. ಒತ್ತು, ಎಸೆ, ತಟ್ಟು. ಇಷ್ಟೇ.

"ಇಷ್ಟೇ" ಎಂದರೆ ಎಷ್ಟು ಅನ್ನುವುದಕ್ಕೆ ಒಂದು ಲೆಕ್ಕ ಮಾಡಿ. ಐದೂವರೆ ಮೀಟರಿನ ಸೀರೆ, 47 ಇಂಚು ಅಗಲ, ಇಂಚಿಗೆ 60 ಹಾಸು, 56 ಹೊಕ್ಕು ಇದೆ ಅಂದುಕೊಳ್ಳಿ. ಅಗಲಕ್ಕೆ 2,820 ಎಳೆ ಹಾಸು. ಐದೂವರೆ ಮೀಟರೆಂದರೆ ಸುಮಾರು 216 ಇಂಚು. ಹೊಕ್ಕು ಓಡುವುದು ಹನ್ನೆರಡು ಸಾವಿರಕ್ಕೂ ಹೆಚ್ಚು ಸಲ. ಹನ್ನೆರಡು ಸಾವಿರ ಸಲ ಕಾಲು ಒತ್ತಬೇಕು, ಕೈ ಎಳೆಯಬೇಕು, ಹಣಿಗೆ ತಟ್ಟಬೇಕು. ಒಂದೊಂದು ಸಲ 47 ಇಂಚಿನಂತೆ ಲಾಳಿ ಓಡಿದ ದೂರ ಕೂಡಿಸಿದರೆ ಸುಮಾರು ಹದಿನಾಲ್ಕೂವರೆ ಕಿಲೋಮೀಟರು. ಹೆಚ್ಚುಕಡಿಮೆ ಶಿವಮೊಗ್ಗದಿಂದ ಸಕ್ರೆಬೈಲಿನ ಆನೆ ಬಿಡಾರಕ್ಕೆ ಇರುವಷ್ಟು. ಒಂದು ಸೀರೆಗೆ.

ಈಗ ಸವೆದ ಜಾಗಗಳನ್ನು ಹುಡುಕಿ. ಈ ಕೈಪಿಡಿಯಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನಿಡಿ. ಕೂರುವ ಹಲಗೆಯ ಮೇಲೆ ಟಾರ್ಚು ಪಕ್ಕದಿಂದ ಬಿಟ್ಟರೆ ತಗ್ಗು ಕಾಣುತ್ತದೆ. ತಗ್ಗು ಹಲಗೆಯ ನಟ್ಟನಡುವೆ ಇದೆಯೋ ಒಂದು ಪಕ್ಕಕ್ಕಿದೆಯೋ ನೋಡಿ. ಪಕ್ಕಕ್ಕಿದ್ದರೆ ಅಲ್ಲಿ ಕೂತವರು ವರ್ಷಗಟ್ಟಲೆ ಒಂದೇ ಕಡೆ ವಾಲಿ ನೆಯ್ದಿದ್ದಾರೆ. ಮುಂದಿನ ಅಡ್ಡಮರದ ನಡುವೆ ಒಂದು ಗೇಣಿನಷ್ಟು ಜಾಗ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿರುತ್ತದೆ, ಹೊಟ್ಟೆ ಒರಗಿದ ಜಾಗ ಅದು. ಕಾಲಿನ ಹಲಗೆಗಳಲ್ಲಿ ಹೆಬ್ಬೆರಳಿನ ಗುರುತಿರುತ್ತದೆ. ಲಾಳಿ ಎಳೆಯುವ ಹಗ್ಗದ ಹಿಡಿಗೆ ಚಿಂದಿ ಬಟ್ಟೆ ಸುತ್ತಿದ್ದರೆ ಎಷ್ಟು ಸುತ್ತು ಅಂತ ಎಣಿಸಿ. ಕೈಯಲ್ಲಿ ಗುಳ್ಳೆ ಎದ್ದವರ ಉಪಾಯ ಅದು. ಕೂರುವ ಹಲಗೆಯಿಂದ ಕಾಲಿನ ಹಲಗೆಗೆ ಟೇಪು ಹಿಡಿದು ಅಳೆಯಿರಿ, ನೆಯ್ದವರು ಎಷ್ಟು ಎತ್ತರದವರು ಅನ್ನುವ ಅಂದಾಜು ಸಿಗುತ್ತದೆ. ಪಕ್ಕದ ಗೋಡೆಯ ಮೇಲೆ, ಮಗ್ಗದ ಕಂಬದ ಮೇಲೆ ಸೀಮೆಸುಣ್ಣದ ಅಡ್ಡಗೆರೆಗಳಿದ್ದರೆ ಅವು ನೆಯ್ದ ಮೀಟರಿನದೋ ತೆಗೆದುಕೊಂಡ ಕಂಡಿಕೆಯದೋ ಲೆಕ್ಕ ಇರಬಹುದು. ಸುಣ್ಣ ಬಳಿಯುವವರ ಕೈಗೆ ಸಿಕ್ಕದೆ ಉಳಿದಿದ್ದರೆ ಪುಣ್ಯ.

ಮಗ್ಗ ಯಾವ ಬಗೆಯದು ಅಂತ ಹೇಳುವುದು ಸುಲಭ. ನೆಲದಲ್ಲಿ ಗುಂಡಿ ತೋಡಿ ಕಾಲು ಅದರೊಳಗೆ ಇಳಿಬಿಟ್ಟು ನೇಯುವುದು ಕುಣಿ ಮಗ್ಗ. ನೆಲದ ಮೇಲೆ ಮರದ ಚೌಕಟ್ಟು ನಿಲ್ಲಿಸಿದ್ದು ಚೌಕಟ್ಟಿನ ಮಗ್ಗ. ಬಯಲುಸೀಮೆಯಲ್ಲಿ ಕುಣಿಯ ತಂಪು ಹಾಸಿನ ನೂಲಿಗೆ ಒಳ್ಳೆಯದು, ಎಳೆ ಹರಿಯುವುದು ಕಡಿಮೆ. ಮಳೆಗಾಲದಲ್ಲಿ ಒರತೆ ಏಳುವ ನಮ್ಮ ನೆಲದಲ್ಲಿ ಅದೇ ಕುಣಿ ಬಾವಿಯಾಗುತ್ತದೆ. ಕೈಯಿಂದ ಕೈಗೆ ಲಾಳಿ ಎಸೆಯುವ ಮಗ್ಗವೋ ಹಗ್ಗ ಎಳೆದರೆ ತಾನೇ ಓಡುವ ಲಾಳಿಯದೋ ಅನ್ನುವುದನ್ನೂ ನೋಡಿ. ಹಗ್ಗ, ಎರಡೂ ತುದಿಯಲ್ಲಿ ಲಾಳಿ ಕೂರುವ ಪೆಟ್ಟಿಗೆ ಇದ್ದರೆ ಎರಡನೆಯದು. ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಅದಕ್ಕೂ ಮೊದಲು ಒಬ್ಬರೇ ಕೂತು ನೇಯುವ ಬಟ್ಟೆಯ ಅಗಲ ಎರಡು ತೋಳು ಚಾಚಿದಷ್ಟಕ್ಕೆ ನಿಲ್ಲುತ್ತಿತ್ತು. "ನೂರಿನ್ನೂರು ವರ್ಷ ಹಳೆಯ ಮಗ್ಗ" ಅನ್ನುವ ಚೀಟಿ ಕಂಡರೆ ಬೋಲ್ಟು ನಟ್ಟು, ತಂತಿ ಮೊಳೆ, ಉಕ್ಕಿನ ಹಣಿಗೆ ಇವೆಯೇ ನೋಡಿ. ಬಿದಿರು ಸೀಳಿನ ಹಲ್ಲಿನ ಹಣಿಗೆ ಇದ್ದರೆ ಹಳೆಯದೆಂಬ ಮಾತಿಗೆ ಸ್ವಲ್ಪ ತೂಕ ಬರುತ್ತದೆ. ಮಗ್ಗಗಳ ಭಾಗ ಸವೆದಂತೆಲ್ಲ ಬದಲಾಯಿಸುತ್ತ ಹೋಗುವುದರಿಂದ ಒಂದೇ ಮಗ್ಗದಲ್ಲಿ ಮೂರು ಕಾಲದ ಮರ ಇರಬಹುದು. ಹಾಗಿದ್ದರೆ ಅದು ದೋಷವಲ್ಲ, ಅದರ ಚರಿತ್ರೆಯೇ ಅದು.

ಉಕ್ಕಿನ ಹಣಿಗೆಯ ತುದಿಯಲ್ಲಿ ಒಂದು ಸಂಖ್ಯೆ ಕೊರೆದಿರುತ್ತದೆ. 60 ಎಂದಿದ್ದರೆ ಸಾಮಾನ್ಯವಾಗಿ ಎರಡು ಇಂಚಿನಲ್ಲಿ 60 ಸಂದು ಎಂದರ್ಥ. ಸಂದಿಗೆ ಎರಡು ಎಳೆಯಂತೆ ಇಂಚಿಗೆ 60 ಎಳೆ. ಬಟ್ಟೆ ಉಳಿಯದೆ ಹಣಿಗೆಯೊಂದೇ ಉಳಿದಿದ್ದರೂ ಅಲ್ಲಿ ಎಂಥ ಬಟ್ಟೆ ನೇಯುತ್ತಿದ್ದರು ಅಂತ ಹೀಗೆ ಹೇಳಬಹುದು.

ಒಂದು ಎಚ್ಚರಿಕೆ. ಹಾಸು ಏರಿಸಿದ ಮಗ್ಗದ ಕಾಲುಹಲಗೆಯನ್ನು ಯಾರೂ ಕುತೂಹಲಕ್ಕೆ ಒತ್ತಬಾರದು. ಲಾಳಿ ನಡುದಾರಿಯಲ್ಲಿ ಇರುವಾಗ ಬಾಯಿ ಮುಚ್ಚಿಕೊಂಡರೆ ಲಾಳಿ ಎಳೆಗಳ ನಡುವೆ ಸಿಕ್ಕಿಬೀಳುತ್ತದೆ. ಆಮೇಲೆ ಹಣಿಗೆ ಎಳೆದರೆ ಹತ್ತಿಪ್ಪತ್ತು ಎಳೆ ಒಮ್ಮೆಗೇ ಹರಿಯುತ್ತವೆ. ಹರಿದ ಒಂದೊಂದು ಎಳೆಗೂ ತುಂಡು ನೂಲು ಗಂಟು ಹಾಕಿ, ಅದರದೇ ಕುಣಿಕೆಯಲ್ಲಿ ತೂರಿಸಿ, ಹಣಿಗೆಯ ಅದರದೇ ಸಂದಿಯಲ್ಲಿ ಎಳೆದು ಬಿಗಿಯಬೇಕು. ಇಪ್ಪತ್ತು ಎಳೆಗೆ ಅರ್ಧ ಗಂಟೆ ಹೋಯಿತು. ಮೀಟರಿನ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಆ ಅರ್ಧ ಗಂಟೆಗೆ ದುಡ್ಡಿಲ್ಲ.

ರಾಟೆಯೋ, ಚರಕವೋ

ಚಕ್ರ ಇರುವುದನ್ನೆಲ್ಲ "ಗಾಂಧಿ ಚರಕ" ಅಂತ ಚೀಟಿ ಅಂಟಿಸುವುದು ನಮ್ಮ ಸಣ್ಣ ಸಂಗ್ರಹಾಲಯಗಳ ಹಳೇ ಚಾಳಿ. ಚಕ್ರದ ಜೊತೆ ತಿರುಗುವ ಕಡ್ಡಿ, ಅಂದರೆ ಕದಿರು ನೋಡಿ. ನೂಲುವ ಚರಕದ ಕದಿರು ತೆಳ್ಳಗೆ, ಚೂಪಾದ ತುದಿ. ನೂಲು ಆ ತುದಿಯಿಂದಲೇ ಹೊಸೆದುಕೊಂಡು ಬರಬೇಕು. ಕಂಡಿಕೆ ಸುತ್ತುವ ರಾಟೆಯ ಕದಿರು ದಪ್ಪ, ಕಂಡಿಕೆ ಜಾರದಂತೆ ಸಿಕ್ಕಿಸಿಕೊಳ್ಳುವ ಹಾಗೆ. ಚರಕ ನೂಲು ಹುಟ್ಟಿಸುತ್ತದೆ, ರಾಟೆ ಇದ್ದ ನೂಲನ್ನು ಒಂದರಿಂದ ಇನ್ನೊಂದಕ್ಕೆ ಸುತ್ತುತ್ತದೆ. ತಪ್ಪು ಚೀಟಿ ಕಂಡರೆ ಮೆಲ್ಲಗೆ ಹೇಳಿ, ಎಲ್ಲರೆದುರು ಬೇಡ.

ಬಟ್ಟೆ ಎಣಿಸುವುದು, ಬಣ್ಣ ಓದುವುದು

ಮುಟ್ಟಲು ಬಿಡುವ ತುಂಡು ಏನಾದರೂ ಇದೆಯೇ ಕೇಳಿ. ಸಾಮಾನ್ಯವಾಗಿ ಇರುತ್ತದೆ. ಅದರ ಮೇಲೆ:

1. ಬಟ್ಟೆಯನ್ನು ಎಳೆಯದೆ, ಸುಕ್ಕಿಲ್ಲದಂತೆ ಮೇಜಿನ ಮೇಲೆ ಹರಡಿ. ಎಳೆದು ಹಿಡಿದರೆ ಲೆಕ್ಕ ಕಡಿಮೆ ಬರುತ್ತದೆ.
2. ಅಂಚಿನಿಂದ ನಾಲ್ಕು ಬೆರಳು ಒಳಗೆ ಪೋಸ್ಟ್ ಕಾರ್ಡಿನ ಚೌಕ ಇಡಿ. ಅಂಚಿನಲ್ಲಿ ಎಳೆ ದಟ್ಟವಾಗಿರುವುದರಿಂದ ಅಲ್ಲಿ ಎಣಿಸಬಾರದು.
3. ಭೂತಗನ್ನಡಿ ಹಿಡಿದು ಪೆನ್ಸಿಲ್ ತುದಿಯಿಂದ ತೋರಿಸುತ್ತ ಹಾಸು ಎಣಿಸಿ, ಆಮೇಲೆ ಹೊಕ್ಕು.
4. ಮೂರು ಕಡೆ ಎಣಿಸಿ. ಕೈಮಗ್ಗದ ಬಟ್ಟೆಯಲ್ಲಿ ಹೊಕ್ಕಿನ ಲೆಕ್ಕ ಒಂದೊಂದು ಕಡೆ ಎರಡು ಮೂರು ಹೆಚ್ಚುಕಮ್ಮಿ ಬರುವುದು ಸಹಜ. ಮಧ್ಯಾಹ್ನದ ಊಟದ ನಂತರ ತಟ್ಟುವ ಕೈಯ ಬಲ ಬೆಳಗಿನಷ್ಟು ಇರುವುದಿಲ್ಲ.

ಚೀಟಿಯಲ್ಲಿ "40ನೇ ನಂಬರ್ ನೂಲು" ಅಂತ ಇದ್ದರೆ ಒಂದು ಪೌಂಡ್ ತೂಕಕ್ಕೆ 840 ಗಜದ 40 ಲಡಿ ಸಿಗುವಷ್ಟು ಸಪೂರ ಎಂದರ್ಥ. ಅಂದರೆ 33,600 ಗಜ. ನಂಬರ್ ಹೆಚ್ಚಿದಷ್ಟೂ ನೂಲು ಸಪೂರ. ಹೆಚ್ಚೆಂದರೆ ದಪ್ಪ ಅಂತ ತಿರುವುಮುರುವಾಗಿ ತಿಳಿಯುವವರೇ ಜಾಸ್ತಿ.

ಬಣ್ಣದ ವಿಷಯದಲ್ಲಿ ಮಲೆನಾಡಿನವರಿಗೆ ಒಂದು ಅನುಕೂಲ ಇದೆ: ಚೊಗರು ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಎಳೆಯಡಿಕೆ ಸುಲಿದು ಬೇಯಿಸಿದ ನೀರು ಬತ್ತಿ ಬತ್ತಿ ದಪ್ಪವಾದದ್ದು. ಅದೇ ಒಗರು ಬಟ್ಟೆಗೆ ಕೆಂಪು ಛಾಯೆಯ ಕಂದು ಕಟ್ಟುತ್ತದೆ. ಒಗರಿನ ಬಣ್ಣಕ್ಕೆ ಕಬ್ಬಿಣದ ನೀರು ಸೇರಿದರೆ ಬೂದು, ಕಪ್ಪಿನ ಕಡೆ ತಿರುಗುತ್ತದೆ. ಹಾಗೆ ಮಾಡಿದ ಹಳೇ ಕಪ್ಪು ಬಟ್ಟೆಯನ್ನು ಮಾತ್ರ ಯಾರು ಬಿಟ್ಟರೂ ಮುಟ್ಟಬೇಡಿ. ಕಬ್ಬಿಣ ವರ್ಷಗಳು ಕಳೆದಂತೆ ನೂಲನ್ನು ತಿನ್ನುತ್ತದೆ. ಒಂದೇ ಸೀರೆಯಲ್ಲಿ ಕಪ್ಪು ಗೆರೆ ಇದ್ದಲ್ಲೆಲ್ಲ ಸೀಳು, ಉಳಿದದ್ದು ಗಟ್ಟಿ ಇದ್ದರೆ ಕಾರಣ ಇದೇ. ನೀಲಿಯದು ಬೇರೆ ಕಥೆ: ಬಣ್ಣದ ತೊಟ್ಟಿಯಿಂದ ಎತ್ತುವಾಗ ಬಟ್ಟೆ ಹಸಿರುಹಳದಿ, ಗಾಳಿ ತಾಗಿದ ಮೇಲೆ ಕಣ್ಣೆದುರೇ ನೀಲಿ. ಓಡುವ ಘಟಕಕ್ಕೆ ಹೋದಾಗ ತೊಟ್ಟಿ ಹೂಡಿದ್ದರೆ ಆ ಒಂದೆರಡು ನಿಮಿಷ ತಪ್ಪಿಸಿಕೊಳ್ಳಬೇಡಿ. ಅರಿಸಿನದ ಹಳದಿ ಬೆಳಕಿಗೆ ಬೇಗ ಹಾರುತ್ತದೆ. ಮಡಿಕೆಯ ಒಳಗೆ ಹಳದಿ, ಹೊರಗೆ ಬಿಳಿಚಿದ್ದರೆ ಅದು ಎಷ್ಟೋ ಕಾಲ ಕಿಟಕಿಯ ಎದುರಿಗಿತ್ತು.

ಗೊರಬು, ಕಂಬಳಿ, ಹಾಳೆಟೋಪಿ

ಇವನ್ನು ಮೂಲೆಯಲ್ಲಿ ಗುಡ್ಡೆ ಹಾಕಿಟ್ಟಿರುತ್ತಾರೆ. ಉಟ್ಟ ಬಟ್ಟೆಯ ಚರಿತ್ರೆಯಲ್ಲಿ ಇವಕ್ಕೆ ರೇಷ್ಮೆ ಸೀರೆಗಿಂತ ಹೆಚ್ಚಿನ ಜಾಗ ಸಲ್ಲಬೇಕು ಅನ್ನುವುದು ನಮ್ಮ ಅಭಿಪ್ರಾಯ. ಗೊರಬನ್ನು ಬಗ್ಗಿ ನೋಡಿ. ಬಿದಿರಿನ ಸೀಳಿನ ಹೆಣಿಗೆ, ನಡುವೆ ಎಲೆಯ ಪದರ. ನಿಂತವರಿಗೆ ಅದು ಸರಿಯಾಗಿ ಕೂರುವುದೇ ಇಲ್ಲ. ಸೊಂಟ ಬಗ್ಗಿಸಿ ನಟ್ಟಿ ಮಾಡುವವರ ತಲೆಯಿಂದ ಬೆನ್ನಿನ ಕೆಳಗಿನವರೆಗೆ ಮುಚ್ಚಿ, ಎರಡೂ ಕೈ ಬಿಡುವಾಗಿರಲಿ ಅಂತಲೇ ಅದರ ಆಕಾರ. ಕಂಬಳಿಯ ಒಂದು ತುದಿ ಹಿಡಿದು ನೋಡಲು ಬಿಟ್ಟರೆ ಬಿರುಸು ಗೊತ್ತಾಗುತ್ತದೆ. ಕಂಬಳಿ ನೇಯುವವರು ಉಣ್ಣೆಯ ಹಾಸಿನ ಎಳೆಗೆ ಹುಣಸೆಬೀಜದ ಸರಿ ಹಚ್ಚುತ್ತಾರೆ. ಕುರಿಯ ಉಣ್ಣೆಯಲ್ಲಿ ಇರುವ ಜಿಡ್ಡು ನೀರನ್ನು ಬೇಗ ಒಳಗೆ ಬಿಡುವುದಿಲ್ಲ. ಕೊಪ್ಪೆಯಾಗಿ ಮಡಚಿ ತಲೆಗೆ ಹಾಕುತ್ತಿದ್ದ ಕಂಬಳಿಯಾದರೆ ತಲೆಯ ಮೇಲೆ ಬರುವ ಮೂಲೆಯಲ್ಲಿ ಮಡಿಕೆಯ ಗುರುತು ಉಳಿದಿರುತ್ತದೆ, ಅಲ್ಲೇ ಹೊಗೆ ಬಣ್ಣವೂ ಇರಬಹುದು, ಒಲೆಯ ಮೇಲೆ ಒಣಗಿಸಿದ್ದಕ್ಕೆ. ಅಡಿಕೆ ಹಾಳೆಯ ಟೋಪಿಯ ಒಳಗೆ ಬೆವರಿನ ಕಲೆ ನೋಡಿ. ಅದನ್ನು ಯಾರಾದರೂ ತೊಳೆದು "ಸ್ವಚ್ಛ" ಮಾಡಿಟ್ಟಿದ್ದರೆ ಹೋಗಲಿ ಬಿಡಿ, ಆದದ್ದು ಆಯಿತು.

ಲೆಕ್ಕದ ಪುಸ್ತಕದ ಹಾಳೆ

ಗಾಜಿನ ಒಳಗಿನ ಪುಸ್ತಕದ ಒಂದೇ ಪುಟ ತೆರೆದಿರುತ್ತದೆ. ಅದನ್ನು ನಿಧಾನಕ್ಕೆ ಓದಿ.

ರೂಪಾಯಿಯ ಕಲಂ ಮೂರು ಮನೆಯಾಗಿದ್ದರೆ ರೂಪಾಯಿ–ಆಣೆ–ಪೈ, 1957ರ ಏಪ್ರಿಲ್‌ಗಿಂತ ಹಿಂದಿನ ಲೆಕ್ಕ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. 1–6–3 ಎಂದಿದ್ದರೆ ಇಂದಿನ ಲೆಕ್ಕದಲ್ಲಿ ಒಂದು ರೂಪಾಯಿ 39 ಪೈಸೆ. ಎರಡೇ ಮನೆ ಇದ್ದರೆ ಅನಂತರದ್ದು. ಮೂರು ಮನೆಯ ಅಚ್ಚಾದ ಪುಸ್ತಕ ಉಳಿದಿದೆಯಲ್ಲ ಅಂತ ಅದರಲ್ಲೇ ಹೊಸ ಪೈಸೆ ಬರೆದವರೂ ಇರುತ್ತಾರೆ, ಹಾಗಾಗಿ ಮೂರನೆಯ ಮನೆ ಖಾಲಿ ಇದೆಯೇ ನೋಡಿ. ಇಸವಿಯ ಬದಲು ಸಂವತ್ಸರದ ಹೆಸರಿದ್ದರೆ ಎಚ್ಚರ: ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. ಪ್ಲವ 2021ರಲ್ಲಿ ಬಂತು, 1961ರಲ್ಲಿ ಬಂದಿತ್ತು, 1901ರಲ್ಲೂ. ಗಜವೋ ಮೀಟರೋ, ಆಣೆಯೋ ಪೈಸೆಯೋ ನೋಡಿ ತೀರ್ಮಾನಿಸಬೇಕು. ಕನ್ನಡ ಅಂಕಿಗಳಲ್ಲಿ ಬರೆದಿದ್ದರೆ ೩, ೬, ೯ ಮೂರೂ ಅವಸರದ ಕೈಬರಹದಲ್ಲಿ ಒಂದೇ ಥರ ಕಾಣುತ್ತವೆ. ಕೆಳಗಿನ ಒಟ್ಟು ಮೊತ್ತ ಕೂಡಿಸಿ ತಾಳೆ ನೋಡಿದರೆ ಯಾವುದು ಅಂತ ತಿಳಿಯುತ್ತದೆ.

ಆಮೇಲೆ ಹೆಸರುಗಳು. ಮುಂಗಡ, ಕಡಿತ, ಬಾಕಿ ಅನ್ನುವ ಕಲಂಗಳಿವೆಯೇ? ಪುಟದ ತುದಿಯ ಬಾಕಿ ಮುಂದಿನ ಪುಟಕ್ಕೆ ಹೋಗುತ್ತಲೇ ಇದ್ದರೆ ಆ ಮನೆ ಸಾಲದಲ್ಲೇ ನೇಯುತ್ತಿತ್ತು. ಹೆಬ್ಬೆಟ್ಟು ಎಷ್ಟು, ಸಹಿ ಎಷ್ಟು? ಎಲ್ಲಕ್ಕಿಂತ ಮುಖ್ಯ, ಪುಸ್ತಕದಲ್ಲಿ ಇಲ್ಲದವರು ಯಾರು? ಮನೆಯ ಮಗ್ಗಕ್ಕೆ ಕಂಡಿಕೆ ಸುತ್ತುವುದು, ಲಡಿ ಬಿಚ್ಚುವುದು, ಗಂಜಿ ಕಾಯಿಸುವುದು ಹೆಂಗಸರು, ಮಕ್ಕಳು, ಮುದುಕರ ಪಾಲಿನದು. ಕೂಲಿ ಬರೆಯುವುದು ಮಗ್ಗದ ಮೇಲೆ ಕೂತವರ ಹೆಸರಿಗೆ ಒಂದೇ. ತೋರಿಸುವವರನ್ನು "ಕಂಡಿಕೆ ಯಾರು ಸುತ್ತುತ್ತಿದ್ದರು?" ಅಂತ ಕೇಳಿ. ಎಷ್ಟೋ ಸಲ ಅಲ್ಲಿಂದಲೇ ನಿಜವಾದ ಮಾತುಕತೆ ಶುರುವಾಗುತ್ತದೆ.

ಅಳತೆಯ ಸಾಮಾನುಗಳನ್ನು ಹಾದು ಹೋಗಬೇಡಿ. ಗಜಕೋಲು, ತಕ್ಕಡಿ, ಸೇರು, ಕೊಳಗ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದರ ಹಿಂದೆ ಗೇಣಿ ಅಳೆಯುವ ಕೊಳಗದ ತಕರಾರೂ ಇತ್ತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಹೋರಾಟ ಅದು. ಒಂದೇ ಬಗೆಯ ಎರಡು ಅಳತೆ ಅಕ್ಕಪಕ್ಕ ಇದ್ದರೆ ಟೇಪು ತೆಗೆದು ಬಾಯಿಯ ಅಗಲ, ಒಳಗಿನ ಆಳ ಎರಡನ್ನೂ ಅಳೆದು ಬರೆದುಕೊಳ್ಳಿ. ಕೊಡುವುದಕ್ಕೆ ಒಂದು, ತೆಗೆದುಕೊಳ್ಳುವುದಕ್ಕೆ ಒಂದು ಇದ್ದಿರಬಹುದೇ ಅಂತ ಕೇಳುವುದಕ್ಕೆ ಅಂಕಿ ಬೇಕಲ್ಲ.

ಗಿರಣಿಯ ಸಾಮಾನು ಇದ್ದರೆ ಗಿರಣಿ ಲಾಳಿಯ ಕಣ್ಣು ನೋಡಿ. ಹಳೆಯ ಬಗೆಯದರಲ್ಲಿ ಬರೀ ತೂತು. ಕಂಡಿಕೆ ಬದಲಾಯಿಸಿದಾಗಲೆಲ್ಲ ಕೆಲಸಗಾರರು ತೂತಿಗೆ ಬಾಯಿ ಇಟ್ಟು ನೂಲನ್ನು ಹೀರಿ ಹೊರಗೆಳೆಯಬೇಕಿತ್ತು. ಒಬ್ಬರ ಬಾಯಿಯ ಲಾಳಿ ಇನ್ನೊಬ್ಬರ ಬಾಯಿಗೆ, ರೋಗವೂ ಜೊತೆಗೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1911ರಲ್ಲಿ ಕಾನೂನು ಮಾಡಿ ಇದನ್ನು ನಿಲ್ಲಿಸಿತು. ನೂಲನ್ನು ಬೆರಳಿನಿಂದಲೇ ಜಾರಿಸುವ ಸೀಳು ಇರುವ ಲಾಳಿ ಆ ಹಳೆಯ ಬಗೆಯ ಸುಧಾರಣೆ. ಇಂಗ್ಲೆಂಡಿನ ಲ್ಯಾಂಕಶೈರಿನ ನೇಯ್ಗೆ ಗಿರಣಿಗಳಲ್ಲಂತೂ ಗದ್ದಲಕ್ಕೆ ಕಿವಿ ಕೇಳಿಸದೆ ಹೆಂಗಸರು ತುಟಿಯ ಆಟ ನೋಡಿಯೇ ಮಾತಾಡಿಕೊಳ್ಳುತ್ತಿದ್ದರು.

ಇಲ್ಲಿನ ಬಹಳ ಸಂಗ್ರಹಗಳ ಕೊರತೆ ಎಂದರೆ ಚರಿತ್ರೆ ಮಗ್ಗದಲ್ಲೇ ನಿಂತುಬಿಡುವುದು. 1923ರಲ್ಲಿ ಭದ್ರಾವತಿಯಲ್ಲಿ ನಮ್ಮ ಕಾಡಿನ ಇದ್ದಿಲಿನಿಂದ ಕಬ್ಬಿಣ ಕರಗಿಸಲು ಶುರು ಮಾಡಿದ ಕಾರ್ಖಾನೆಯ ಕೆಲಸಗಾರರ ಖಾಕಿ ಅಂಗಿ, ಬೆಳಗಾಗುವ ಮೊದಲೇ ಬಸ್ಸು ಹತ್ತಿ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳ ಗುರುತಿನ ಚೀಟಿ, ಗಂಟೆಗಿಷ್ಟು ಪೀಸು ಅಂತ ಬರೆದ ಹಾಳೆ ಇವೆಲ್ಲ ಎಲ್ಲಿ ಅಂತ ಸಂದರ್ಶಕರ ಪುಸ್ತಕದಲ್ಲಿ ಬರೆಯಿರಿ. "ತುಂಬಾ ಚೆನ್ನಾಗಿದೆ" ಅನ್ನುವುದಕ್ಕಿಂತ ಅದು ಉಪಯೋಗ.

ಮಾತಾಡಿಸುವಾಗ

ನೇಯುವವರು ಎದುರಿಗಿದ್ದರೆ ಲಾಳಿ ಓಡುತ್ತಿರುವಾಗ ಪ್ರಶ್ನೆ ಹಾಕಬೇಡಿ. ಕಂಡಿಕೆ ಬದಲಾಯಿಸಲು ಕೈ ನಿಂತಾಗ ಕೇಳಿ. "ಅಕ್ಕಾ, ಇಷ್ಟಕ್ಕೆ ಎಷ್ಟು ದಿನ ಹಿಡೀತು?" ಅಂತ ಶುರು ಮಾಡಿದರೆ ಮಾತು ಬರುತ್ತದೆ. "ದಿನಕ್ಕೆ ಎಷ್ಟು ಸಿಗತ್ತೆ?" ಅಂತ ನಾಲ್ಕು ಜನರೆದುರು ಕೇಳಿದರೆ ನಗು ಬರುತ್ತದೆ, ಉತ್ತರ ಬರುವುದಿಲ್ಲ. ಕೂಲಿಯ ವಿಷಯ ಸಂಘದ ಕಚೇರಿಯಲ್ಲಿ ಕೇಳಿ. ವೀಡಿಯೋ ತೆಗೆಯುವುದಾದರೆ ಮುಖ ಬೇಡವೆಂದವರ ಕೈ ಮಾತ್ರ ತೆಗೆಯಿರಿ.

ಮಕ್ಕಳನ್ನು ಕರೆದೊಯ್ದರೆ ಒಬ್ಬೊಬ್ಬರಿಗೂ ಒಂದೊಂದು ಕೆಲಸ ಕೊಡಿ: ಒಬ್ಬ ಹಾಸು ಎಣಿಸಲಿ, ಒಬ್ಬಳು ಫೋಟೋದಲ್ಲಿ ಬರಿಗಾಲಿನವರು ಎಷ್ಟು, ಕೂತವರು ಯಾರು, ನಿಂತವರು ಯಾರು ಬರೆಯಲಿ, ಒಬ್ಬ ಅಡ್ಡಮರದ ಸವೆತ ಅಳೆಯಲಿ. ಸುಮ್ಮನೆ "ನೋಡಿ ಬನ್ನಿ" ಅಂದರೆ ಐದನೇ ನಿಮಿಷಕ್ಕೆ ಯಾರೋ ಒಬ್ಬ ಕಾಲುಹಲಗೆ ಒತ್ತಿರುತ್ತಾನೆ.

ಮನೆಯ ಸಾಮಾನು ಕೊಡುವುದಿದ್ದರೆ

ನೋಡಿ ಬಂದವರಿಗೆ ತಮ್ಮ ಅಟ್ಟದ ರಾಟೆ, ಅಜ್ಜನ ಕಂಬಳಿ ನೆನಪಾಗುತ್ತದೆ. ಕೊಡುವುದಾದರೆ ತೊಳೆಯಬೇಡಿ, ಎಣ್ಣೆ ವಾರ್ನಿಶ್ ಹಚ್ಚಬೇಡಿ, ನುಸಿಗುಳಿಗೆಯನ್ನು ಬಟ್ಟೆಗೆ ತಾಗುವಂತೆ ಇಡಬೇಡಿ. ಉಣ್ಣೆಯಲ್ಲಿ ಹುಳ ಇರುವ ಅನುಮಾನ ಬಂದರೆ, ವಸ್ತು ಪೂರ್ತಿ ಒಣಗಿದೆಯೇ ನೋಡಿ, ಗಾಳಿಯಾಡದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ಹೊರಗಿನ ತೇವ ತಣ್ಣನೆಯ ಉಣ್ಣೆಯ ಮೇಲೆ ನೀರಾಗಿ ಕೂರುತ್ತದೆ, ಹುಳ ಹೋಗಿ ಬೂಷ್ಟು ಬಂದ ಹಾಗಾಗುತ್ತದೆ.

ಸಾಮಾನಿನ ಜೊತೆ ಒಂದು ಹಾಳೆ ಇರಲೇಬೇಕು. ಯಾರು ಬಳಸುತ್ತಿದ್ದರು, ಯಾವ ಊರು, ಸುಮಾರು ಯಾವ ವರ್ಷದಿಂದ ಯಾವ ವರ್ಷದವರೆಗೆ, ಮನೆಯಲ್ಲಿ ಅದಕ್ಕೆ ಏನೆಂದು ಕರೆಯುತ್ತಿದ್ದರು. ಈ ಕೊನೆಯದನ್ನು ಬಿಡಬೇಡಿ. ಒಂದೇ ಸಾಮಾನಿಗೆ ತೀರ್ಥಹಳ್ಳಿಯಲ್ಲೊಂದು ಹೆಸರು, ಸೊರಬದಲ್ಲೊಂದು ಹೆಸರು ಇರುತ್ತದೆ. ಹಾಳೆಯ ಎರಡು ಪ್ರತಿ ಬರೆದು, ಪಡೆದವರ ಸಹಿ, ತಾರೀಖು ಹಾಕಿಸಿ ಒಂದನ್ನು ಮನೆಗೆ ತನ್ನಿ. ಕೊಟ್ಟದ್ದೋ, ಇಟ್ಟುಕೊಳ್ಳಲು ಎರವಲು ಕೊಟ್ಟದ್ದೋ ಅನ್ನುವುದೂ ಅದರಲ್ಲಿ ಇರಲಿ.